ಬೀಡಾ ಅಂಗಡಿ ಸುಣ್ಣ ಮತ್ತು ನನ್ನ 222

ಎಸ್‌ಡಿ.ಕೆಎಫ್‌ಝಡ್. 222 ಅಂದರೆ ಎರಡನೇ ಮಹಾಯುದ್ಧದ ಜರ್ಮನ್ ಉಕ್ಕಿನ ಕವಚದ ಗಾಡಿ. ಅದರ 1/35 ಅಳತೆಯ ನನ್ನ ಪ್ಲಾಸ್ಟಿಕ್ ಮಾಡೆಲ್ ಮೇಲೆ ಬಳಿದಿರುವುದು ಬೀಡಾ ಅಂಗಡಿಯಲ್ಲಿ 5 ರೂಪಾಯಿಗೆ ಸಿಗುವ ಸುಣ್ಣ. ಹೀಗೆ ಮಾಡ್ತೇನೆ ಅಂದಾಗ ಮಾಡೆಲ್ ಕಟ್ಟುವ ಗೆಳೆಯರೆಲ್ಲ ನಕ್ಕಿದ್ದರು. "ಪ್ಲಾಸ್ಟಿಕ್ ಮೇಲೆ ಸುಣ್ಣ ನಿಲ್ಲುದಿಲ್ಲ ಮಾರಾಯ" ಅಂದ ಒಬ್ಬ. ಅವನೇ ಈಗ ಫೋಟೋ ಕಳಿಸು ಅಂತ ಬೆನ್ನು ಬಿದ್ದಿದ್ದಾನೆ.

ನನ್ನ ಲೆಕ್ಕ ಸರಳ. 1941ರ ಚಳಿಗಾಲದಲ್ಲಿ ಮಾಸ್ಕೋ ಹತ್ತಿರ ಜರ್ಮನ್ ಪಡೆಗಳಿಗೆ ಬಿಳಿ ಬಣ್ಣ ಸಾಕಾಗಲಿಲ್ಲ. ಶತ್ರು ಎಲ್ಲಿದ್ದಾನೆ ಅಂತ ಮುಂದೆ ಹೋಗಿ ನೋಡಿ ಬರಬೇಕಾದ ಗಾಡಿ, ಹಿಮದ ನಡುವೆ ಕಡುಬೂದು ಬಣ್ಣದಲ್ಲಿ ನಿಂತರೆ ಕಥೆ ಮುಗಿಯಿತು. ಹಾಗಾಗಿ ಸುಣ್ಣ, ಸೀಮೆಸುಣ್ಣ, ಬೆಡ್‌ಶೀಟ್ ಅಂತ ಸಿಕ್ಕಿದ್ದನ್ನೆಲ್ಲ ಬಳಸಿದರು. ಅಸಲಿ ಗಾಡಿಗೇ ಸುಣ್ಣ ಬಳಿದಿರುವಾಗ ನಾವ್ಯಾಕೆ ಬಣ್ಣದಲ್ಲಿ ಸುಣ್ಣದ ವೇಷ ಹಾಕಬೇಕು, ಅಲ್ವಾ?

ಮೊದಲು ಎಲ್ಲರ ಹಾಗೆ ಹೇರ್‌ಸ್ಪ್ರೇ ದಾರಿಯನ್ನೇ ಹಿಡಿದೆ: ಬೂದು ಬಣ್ಣದ ಮೇಲೆ ಹೇರ್‌ಸ್ಪ್ರೇ, ಅದರ ಮೇಲೆ ಬಿಳಿ, ಆಮೇಲೆ ಒದ್ದೆ ಮಾಡಿ ಉಜ್ಜಿ ಬಿಳಿಯನ್ನು ಅಲ್ಲಲ್ಲಿ ಎಬ್ಬಿಸುವುದು. ಮಂಗಳೂರಿನ ಜುಲೈ ತಿಂಗಳು. ಗಾಳಿಯೇ ಒದ್ದೆ. ಸ್ಪ್ರೇ ಎರಡು ದಿನ ಅಂಟಂಟಾಗಿಯೇ ಇತ್ತು. ಉಜ್ಜಿದರೆ ಬಿಳಿ ಜೊತೆ ಬೂದು ಬಣ್ಣವೂ ಎದ್ದು ಬಂತು. ಎರಡು ಡಬ್ಬಿ ಸ್ಪ್ರೇ, ಒಂದು ಬಾಟ್ಲಿ ಆಮದು ಬಿಳಿ, ಸುಮಾರು ಸಾವಿರ ರೂಪಾಯಿ ಹೋಯಿತು. ಸ್ಪ್ರೇ ಬದಲು ಟೂತ್‌ಪೇಸ್ಟ್, ಉಪ್ಪು ಎರಡನ್ನೂ ನೋಡಿದೆ. ಉಪ್ಪು ರಾತ್ರಿ ಬೆಳಗಾಗುವುದರೊಳಗೆ ನೀರಾಗಿತ್ತು.

ಸುಣ್ಣವೂ ಮೊದಲ ಸಲಕ್ಕೇ ಒಲಿಯಲಿಲ್ಲ. ಸೋಸದೆ ಬಳಿದೆ, ಮೈಯೆಲ್ಲ ತರಿತರಿ. ಅರ್ಧ ಮಿಲಿಮೀಟರಿನ ಒಂದು ತರಿ ಈ ಅಳತೆಯಲ್ಲಿ ಹೆಚ್ಚುಕಡಿಮೆ ಎರಡು ಸೆಂಟಿಮೀಟರಿನ ಕಲ್ಲು! ಹಳೇ ಪಂಚೆ ತುಂಡಲ್ಲಿ ಎರಡು ಸಲ ಸೋಸಿದ ಮೇಲೆ ಸರಿಯಾಯಿತು. ಆಮೇಲೆ ಅಂಟಿನ ಗೋಳು. ಫೆವಿಕಾಲ್ ಹಾಕಿದರೆ ಹಾಲಿನ ಕೆನೆಯ ಹಾಗೆ ಇಡೀ ಪದರ ಸುಲಿದು ಬಂತು. ಗೋಡೆಗೆ ಹಾಕುವ ಹಾಗೆ ಅಕ್ಕಿ ಗಂಜಿ ಹಾಕಿದೆ. ಚೆನ್ನಾಗಿಯೇ ಕೂತಿತ್ತು, ಮೂರು ವಾರಕ್ಕೆ ಬೂಸ್ಟು ಹಿಡಿಯಿತು. ಸುಮ್ನೆ ನೋಡೋಣ ಅಂತ ಬಟ್ಟೆಗೆ ಹಾಕುವ ನೀಲಿಯನ್ನೂ ಒಂದು ಹನಿ ಬಿಟ್ಟೆ. ಗಾಡಿ ಶಾಲಾ ಯೂನಿಫಾರ್ಮ್ ಥರ ಕಂಡಿತು. ಕೊನೆಗೆ ಕೈಹಿಡಿದದ್ದು ಗೋಂದು. ಜೊತೆಗೆ ಅಡುಗೆಮನೆಯ ಇನ್ನೊಂದು ವಸ್ತು ಚಿಟಿಕೆಯಷ್ಟು ಸೇರುತ್ತದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಕೆಳಗಿನ ಬಣ್ಣ ತಮಿಯಾ ಕಂಪನಿಯ ಕಡುಬೂದು, ಎಕ್ಸ್‌ಎಫ್-63. ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತುಗಳು) ಆದ ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಕಡ್ಡಾಯ. ಹೊಳಪಿನ ವಾರ್ನಿಶ್ ಮೇಲೆ ಸುಣ್ಣ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಗುಂಡಾಗುತ್ತದೆ. 2ನೇ ನಂಬರ್ ಬ್ರಶ್‌ನಲ್ಲಿ ಮೇಲಿಂದ ಕೆಳಗೆ ಒರಟಾಗಿ ಎಳೆಯಿರಿ, ಶಿಲುಬೆ ಗುರುತಿನ ಸುತ್ತ ಬೂದು ಜಾಗ ಬಿಡಿ. ಬಳಿದಾಗ ಏನೂ ಕಾಣುವುದಿಲ್ಲ, ಬೂದು ಬರೀ ಒದ್ದೆಯಾದಂತಿರುತ್ತದೆ. ಇಲ್ಲೇ ಎಲ್ಲರೂ ಇನ್ನೊಂದು ಕೋಟ್ ಹೊಡೆದು ಕೆಡುತ್ತಾರೆ. ನಾನೂ ಕೆಟ್ಟೆ. ಇಪ್ಪತ್ತು ನಿಮಿಷ ಫ್ಯಾನಿನ ಕೆಳಗಿಟ್ಟು ಚಾ ಕುಡಿದು ಬನ್ನಿ. ಅಂಚುಗಳಿಂದ ಬಿಳಿ ಮೆಲ್ಲಗೆ ಮೇಲೇಳುತ್ತದೆ.

ಒಂದು ರಾತ್ರಿ ಬಿಟ್ಟು ಒದ್ದೆ ಬಡ್ಸ್‌ನಲ್ಲಿ ಬಾಗಿಲಿನ ಅಂಚು, ಮಡ್‌ಗಾರ್ಡ್, ಸಿಬ್ಬಂದಿ ಕಾಲಿಡುವ ಜಾಗ ಉಜ್ಜಿದೆ. ಗೋಪುರದ ಬುಡದಲ್ಲಿ ಒಂದೇ ಒಂದು ಹನಿ ನೀರು ಬಿಟ್ಟೆ. ಅದು ಓರೆ ತಗಡಿನ ಮೇಲೆ ಇಳಿಯುತ್ತಾ ಸುಣ್ಣವನ್ನೂ ಎಳೆದುಕೊಂಡು ಹೋಯಿತು. ಹಿಮ ಕರಗಿ ಹರಿದ ಗೆರೆ ಅಂದರೆ ಅದೇ! ಏರ್‌ಬ್ರಶ್‌ನಲ್ಲಿ ಇದನ್ನು ಮಾಡಿ ತೋರಿಸಿ ನೋಡೋಣ.

ಗ್ರೆನೇಡ್ ಒಳಗೆ ಬೀಳದಂತೆ ಗೋಪುರದ ಮೇಲೆ ಇರುವ ಜಾಲರಿಯದ್ದು ಇನ್ನೊಂದು ಕಥೆ. ಬೇರೆಯಾಗಿ ತರಿಸಿದ ಹಿತ್ತಾಳೆಯದ್ದು 700 ಚಿಲ್ಲರೆ. ಬಂದಾಗಲೇ ಮಡಚಿಹೋಗಿತ್ತು, ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಮನೆಯ ಸ್ಟೀಲ್ ಚಾ ಸೋಸುವ ಜರಡಿಯನ್ನು ಕತ್ತರಿಸಿ ಕೂರಿಸಿದೆ. ಹೊಸ ಜರಡಿಗೆ 60 ರೂಪಾಯಿ, ಮನೆಯವಳ ಬೈಗುಳ ಬೇರೆ. ಅಸಲಿ ಜಾಲರಿಯ ನೇಯ್ಗೆ ಹೀಗಿರಲಿಲ್ಲ ಅಂತ ಯಾರಾದರೂ ತಕರಾರು ತೆಗೆದರೆ ಒಪ್ಪುತ್ತೇನೆ.

ಕಿಟ್ ಸೇರಿ ಖರ್ಚು ಐದೂವರೆ ಸಾವಿರದ ಆಸುಪಾಸು. ಅದರಲ್ಲಿ ಅರ್ಧ ತಪ್ಪುಗಳ ಖಾತೆಗೆ. ಸುಣ್ಣದ ಲೆಕ್ಕ 15 ರೂಪಾಯಿ, ಮೂರು ಪೊಟ್ಟಣ.

ಒಂದು ಎಚ್ಚರಿಕೆ. ಸುಣ್ಣದ ಮೇಲೆ ಮತ್ತೆ ವಾರ್ನಿಶ್ ಹೊಡೆಯಬೇಡಿ. ನಾನು ಎಡಬದಿಗೆ ಹೊಡೆದೆ. ಬಿಳಿ ಕಣ್ಣೆದುರೇ ಮಾಯವಾಗಿ ಬೂದು ಮತ್ತೆ ಎದ್ದು ಬಂತು. ಆ ಬದಿಗೆ ಮತ್ತೆ ಬಳಿಯಬೇಕಾಯಿತು, ಸ್ವಲ್ಪ ಜಾಸ್ತಿ ದಪ್ಪವೂ ಆಯಿತು. ಈಗ ಗಾಡಿ ಗಾಜಿನ ಪೆಟ್ಟಿಗೆಯೊಳಗೆ ಎರಡು ಸಿಲಿಕಾ ಪೊಟ್ಟಣದ ಜೊತೆ ಕೂತಿದೆ, ಎಡಬದಿ ಗೋಡೆ ಕಡೆ.