ಹಳೆಯ ವಿಚಾರಣೆಯ ದಾಖಲೆ ಬೇಕಾ? ಹೆಸರಿಗಿಂತ ಮೊದಲು ಕೋರ್ಟು ಹುಡುಕಿ

ನನ್ನ ಸೊಸೆ ಆಸ್ಟ್ರೇಲಿಯಾದವಳು. ಅವಳ ತಾಯಿಯ ಕಡೆಯ ಹಿರಿಯಳೊಬ್ಬಳನ್ನು ಇಂಗ್ಲೆಂಡಿನಿಂದ ಕೈದಿಯಾಗಿ ಹಡಗು ಹತ್ತಿಸಿದ್ದರು ಅನ್ನೋದು ಅವರ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಯಾವ ತಪ್ಪಿಗೆ, ಯಾವ ಊರಿಂದ ಅಂತ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹುಡುಕಲು ನಾನು ಕೂತೆ. ಈಗ ಪರಿಚಯದವರಿಗೂ ಹುಡುಕಿಕೊಡುತ್ತೇನೆ.

ಸುಮ್ನೆ ಹೆಸರು ಟೈಪ್ ಮಾಡಿ ಹುಡುಕಿದರೆ ಪ್ರಯೋಜನವಿಲ್ಲ. ಆ ಕಾಲದಲ್ಲಿ ಮೇರಿ, ಆನ್, ಜಾನ್, ವಿಲಿಯಂ ಅನ್ನೋರು ರಾಶಿ ರಾಶಿ ಇದ್ದರು. ಮನೆತನದ ಹೆಸರನ್ನಂತೂ ಕಿವಿಗೆ ಬಿದ್ದ ಹಾಗೆ ಬರೆದುಕೊಳ್ಳುತ್ತಿದ್ದರು. ಮೊದಲು ಬೇಕಾದದ್ದು ಯಾವ ಕೋರ್ಟು, ಯಾವ ತಿಂಗಳು ಅನ್ನೋದು. ಅದು ಸಿಗೋದು ಆಸ್ಟ್ರೇಲಿಯಾದ ಕಡೆಯಿಂದ. 1788ರಿಂದ 1868ರವರೆಗೆ ಕೈದಿಗಳು ಅಲ್ಲಿಗೆ ಬಂದಿಳಿದರು. ನ್ಯೂ ಸೌತ್ ವೇಲ್ಸ್‌ಗೆ ಬಂದ ಹಡಗುಗಳ ಕೈದಿಪಟ್ಟಿಗಳಲ್ಲಿ ವಿಚಾರಣೆ ಎಲ್ಲಿ, ಯಾವಾಗ ನಡೆಯಿತು, ಶಿಕ್ಷೆ ಎಷ್ಟು ವರ್ಷ ಅಂತ ಸಾಮಾನ್ಯವಾಗಿ ಇರುತ್ತದೆ. ಅಲ್ಲಿಂದ ಹಿಂದಕ್ಕೆ ನಡೆಯಬೇಕು. ನಮಗೆ ಸಿಕ್ಕಿದ್ದು ಲಂಡನ್.

ಲಂಡನ್ ಸಿಕ್ಕರೆ ಅದೃಷ್ಟ ಅಂತಲೇ ಹೇಳಬೇಕು. ಅಲ್ಲಿನ ದೊಡ್ಡ ಅಪರಾಧಗಳ ವಿಚಾರಣೆ ನಡೆಯುತ್ತಿದ್ದ ಓಲ್ಡ್ ಬೇಲಿ ಕೋರ್ಟಿನ 1674ರಿಂದ 1913ರವರೆಗಿನ ಅಚ್ಚಾದ ವರದಿಗಳು, ಒಂದು ಲಕ್ಷದ ತೊಂಬತ್ತು ಸಾವಿರಕ್ಕೂ ಜಾಸ್ತಿ ವಿಚಾರಣೆಗಳು, ಓಲ್ಡ್ ಬೇಲಿ ಆನ್‌ಲೈನ್ ಅನ್ನೋ ಜಾಲತಾಣದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ತಿಂಗಳು ಗೊತ್ತಿದ್ದರಿಂದ ಆ ಸಲದ ಕಲಾಪವನ್ನೇ ತೆರೆದು ಒಂದೊಂದಾಗಿ ಓದುತ್ತಾ ಹೋದೆ. ನಮ್ಮವಳು ಸಿಕ್ಕಳು, ಮನೆತನದ ಹೆಸರಿನಲ್ಲಿ ಎರಡು ಅಕ್ಷರ ಬೇರೆ.

ಮನೆಗೆಲಸದ ಹುಡುಗಿ. ಯಜಮಾನಿಯ ಗೌನು, ದುಪ್ಪಟಿ, ಬೆಳ್ಳಿ ಚಮಚ ಕದ್ದ ಆರೋಪ. ಆರೋಪಪಟ್ಟಿಯಲ್ಲಿ ಮಾಲಿನ ಬೆಲೆ ಮೂರು ಪೌಂಡಿಗೂ ಮೇಲೆ, ಅಂದರೆ 60 ಶಿಲ್ಲಿಂಗಿಗೂ ಜಾಸ್ತಿ. ತೀರ್ಪಿನಲ್ಲಿ ನೋಡಿದರೆ 39 ಶಿಲ್ಲಿಂಗ್ ಮಾಲು ಕದ್ದ ಅಪರಾಧಿ ಅಂತ ಇದೆ. ಇದು ಗುಮಾಸ್ತನ ಕೈತಪ್ಪಲ್ಲ. ಆಗಿನ ಕಾನೂನಿನಲ್ಲಿ ವಾಸದ ಮನೆಯಿಂದ 40 ಶಿಲ್ಲಿಂಗ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯದನ್ನು ಕದ್ದರೆ ಮರಣದಂಡನೆ. 1827ರಲ್ಲಿ ಆ ಮಿತಿಯನ್ನು ಐದು ಪೌಂಡಿಗೆ ಏರಿಸಿದರು. ಜೂರಿಯವರು ಬೇಕಂತಲೇ ಒಂದು ಶಿಲ್ಲಿಂಗ್ ಕೆಳಗೆ ಇಳಿಸುತ್ತಿದ್ದರು, ಇಂಥ ತೀರ್ಪುಗಳು ಆ ವರದಿಗಳಲ್ಲಿ ಬೇಕಾದಷ್ಟಿವೆ. ಆ ಒಂದು ಶಿಲ್ಲಿಂಗ್ ಇಳಿಸದೇ ಇದ್ದಿದ್ದರೆ ಅವಳ ಕತ್ತಿಗೆ ಹಗ್ಗ ಬೀಳಬಹುದಿತ್ತು. ಇದನ್ನು ಸೊಸೆಗೆ ಓದಿ ಹೇಳುವಾಗ ನನ್ನ ಗಂಟಲು ಕಟ್ಟಿತು.

ತೀರ್ಪು ನೋಡಿ ಪುಟ ಮುಚ್ಚಬೇಡಿ. ಸಾಕ್ಷಿಗಳ ಮಾತಿನಲ್ಲೇ ನಿಜವಾದ ಸಂಪತ್ತು ಇರೋದು. ಗಿರವಿ ಅಂಗಡಿಯ ಆಳು ಬಂದು ಗೌನನ್ನು ಯಾವ ದಿನ ಅಡವಿಟ್ಟಳು ಅಂತ ಹೇಳುತ್ತಾನೆ, ಯಜಮಾನಿ ಅವಳು ಎಷ್ಟು ವಾರದಿಂದ ಕೆಲಸಕ್ಕಿದ್ದಳು ಅಂತ ಹೇಳುತ್ತಾಳೆ, ಬೀದಿಯ ಹೆಸರು ಬರುತ್ತದೆ, ಆ ಬೀದಿಯಿಂದ ಚರ್ಚಿನ ದೀಕ್ಷಾಸ್ನಾನದ ಪುಸ್ತಕಕ್ಕೆ ದಾರಿ ಸಿಗುತ್ತದೆ. ಆರೋಪಿಯ ಮಾತು ಮಾತ್ರ ಒಂದೆರಡು ಸಾಲು ಇದ್ದರೆ ಹೆಚ್ಚು. ಅಚ್ಚು ಹಾಕುವವರು ಅದನ್ನೇ ಎಷ್ಟೋ ಸಲ ಕತ್ತರಿಸುತ್ತಿದ್ದರು. ಇಂಥ ಕೇಸುಗಳಲ್ಲಿ ಆರೋಪಿಯ ಪರವಾಗಿ ಜೂರಿ ಮುಂದೆ ವಾದ ಮಾಡಲು ವಕೀಲರಿಗೆ ಅವಕಾಶ ಸಿಕ್ಕಿದ್ದೇ 1836ರಲ್ಲಿ. ಹಾಗಾಗಿ ಅವಳು ಏನೂ ಹೇಳಲಿಲ್ಲ ಅಂತ ತೀರ್ಮಾನಿಸಬೇಡಿ.

ಲಂಡನ್ ಬಿಟ್ಟು ಬೇರೆ ಕಡೆಯಾದರೆ ಕಷ್ಟ ಜಾಸ್ತಿ. ದೊಡ್ಡ ಅಪರಾಧಗಳು, ನ್ಯಾಯಾಧೀಶರು ಊರೂರಿಗೆ ಬಂದು ನಡೆಸುತ್ತಿದ್ದ ಅಸೈಜ್ ಕೋರ್ಟಿಗೆ ಹೋಗುತ್ತಿದ್ದವು. ಉಳಿದಿರುವ ಕಾಗದಗಳು ಲಂಡನ್ನಿನ ಕ್ಯೂ (Kew) ಅನ್ನೋ ಜಾಗದಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ, ಸಾಕ್ಷಿ ಹೇಳಿಕೆಗಳು ಎಷ್ಟೋ ನಾಶವಾಗಿವೆ. ಸಣ್ಣ ಕಳ್ಳತನ ವರ್ಷಕ್ಕೆ ನಾಲ್ಕು ಸಲ ಸೇರುತ್ತಿದ್ದ ಕ್ವಾರ್ಟರ್ ಸೆಷನ್ಸ್ ಅನ್ನೋ ಸ್ಥಳೀಯ ಕೋರ್ಟಿಗೆ, ಅದರ ಕಾಗದಗಳು ಆಯಾ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ದಾಖಲೆ ಕಚೇರಿಯಲ್ಲಿ. ಕೋರ್ಟು ಯಾವುದು ಅಂತಲೇ ಗೊತ್ತಿಲ್ಲದಿದ್ದರೆ ಅದೇ ರಾಷ್ಟ್ರೀಯ ಭಂಡಾರದಲ್ಲಿರುವ ಗೃಹ ಇಲಾಖೆಯ (ಹೋಮ್ ಆಫೀಸ್, ಎಚ್‌ಓ) ಕಾಗದಗಳಲ್ಲಿ ಎಚ್‌ಓ 27 ಅನ್ನೋ ಸರಣಿ ನೋಡಿ. 1805ರಿಂದ 1892ರವರೆಗೆ ಇಂಗ್ಲೆಂಡ್, ವೇಲ್ಸ್‌ನ ಆರೋಪಿಗಳ ರಿಜಿಸ್ಟರ್ ಅದು, ಕೌಂಟಿವಾರು ಇದೆ. 1733ಕ್ಕಿಂತ ಹಿಂದಿನ ಅಧಿಕೃತ ಕಾಗದ ಬಹುಪಾಲು ಲ್ಯಾಟಿನ್‌ನಲ್ಲಿರುತ್ತದೆ, ಅದಕ್ಕೆ ಬಲ್ಲವರ ಸಹಾಯ ತಗೊಳ್ಳಿ. 1752ಕ್ಕಿಂತ ಮೊದಲು ಅಲ್ಲಿ ಅಧಿಕೃತ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಜನವರಿ, ಫೆಬ್ರವರಿಯ ತಾರೀಖು ಕಂಡರೆ ಇಸವಿಯನ್ನು ಎರಡು ಸಲ ನೋಡಿ.

ವಿಚಾರಣೆಯ ಪುಟ ಸಿಗದಿದ್ದರೂ ಕೈಬಿಡಬೇಡಿ. ಶಿಕ್ಷೆಯಾದ ಮೇಲೆ ತಾಯಿಯೋ ಗಂಡನೋ ಕ್ಷಮೆ ಕೇಳಿ ಅರ್ಜಿ ಹಾಕಿರುತ್ತಾರೆ. ಎಚ್‌ಓ 17ರಲ್ಲಿ 1819ರಿಂದ 1839ರವರೆಗಿನವು ಇವೆ, ಅದಕ್ಕೂ ಹಿಂದಿನದಕ್ಕೆ ಎಚ್‌ಓ 47ರ ನ್ಯಾಯಾಧೀಶರ ವರದಿಗಳು. ಮಕ್ಕಳೆಷ್ಟು, ಗಂಡ ಏನು ಕೆಲಸ ಮಾಡುತ್ತಿದ್ದ ಅನ್ನೋದೆಲ್ಲ ಅರ್ಜಿಗಳಲ್ಲಿ ಬರಬಹುದು. ಕೊನೆಯಲ್ಲಿ ಅಕ್ಕಪಕ್ಕದವರ ಸಹಿಗಳಿದ್ದರೆ ಅವನ್ನೂ ಬರೆದಿಟ್ಟುಕೊಳ್ಳಿ. ಅವರಲ್ಲಿ ನೆಂಟರು ಇದ್ದರೂ ಇರಬಹುದು.