ನೈರೋಬಿಗೆ ಹೊರಟವರ ಪೆಟ್ಟಿಗೆಯಲ್ಲಿ ಏನೇನಿರಬೇಕು

ಕೆನ್ಯಾದ ರಾಜಧಾನಿ ನೈರೋಬಿಗೆ ಹೊರಟಿದ್ದೇವೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರು ಕೊಡುವ ಸಲಹೆ ಒಂದೇ: ‘ಆಫ್ರಿಕಾ ಅಲ್ಲವೇ, ಸೆಕೆ ವಿಪರೀತ, ತೆಳು ಹತ್ತಿಬಟ್ಟೆ ಇಟ್ಟುಕೊಳ್ಳಿ.’ ಮೊದಲ ಸಲ ಹೋದಾಗ ನಾನೂ ಆ ಮಾತನ್ನು ನಂಬಿದ್ದೆ. ಅದು ಜುಲೈ ತಿಂಗಳು. ಬೆಳಗಿನ ಆರೂವರೆಗೆ ನೈರೋಬಿ ರಾಷ್ಟ್ರೀಯ ಉದ್ಯಾನದೊಳಗೆ, ಚಾವಣಿ ಮೇಲೆತ್ತಿದ ವ್ಯಾನಿನಲ್ಲಿ ನಿಂತು ಕಬ್ಬಿಣದ ಸರಳು ಹಿಡಿದಾಗ ಬೆರಳುಗಳು ಮರಗಟ್ಟಿದವು. ಜಿರಾಫೆಯನ್ನು ತೋರಿಸಲೆಂದು ಕೈ ಎತ್ತಿದರೆ ಅರ್ಧತೋಳಿನ ಅಂಗಿಯೊಳಗೆ ಗಾಳಿ ನುಗ್ಗುತ್ತಿತ್ತು. ಚಾಲಕರು ತಮ್ಮ ಸೀಟಿನ ಹಿಂದೆ ಮಡಿಸಿಟ್ಟಿದ್ದ ಶುಕಾವನ್ನು, ಅಂದರೆ ಮಸಾಯಿ ಜನ ಹೊದೆಯುವ ಕೆಂಪು ಚೌಕುಳಿಯ ಹೊದಿಕೆಯನ್ನು, ಮಾತಿಲ್ಲದೆ ನನ್ನ ಹೆಗಲ ಮೇಲೆ ಹಾಕಿದರು. ಮಧ್ಯಾಹ್ನ ಮೋಡ ಸರಿದು ಎರಡು ತಾಸು ಬಿಸಿಲು ಬಿದ್ದದ್ದೇ ತಡ, ಅದೇ ದಿನ ನನ್ನ ಕುತ್ತಿಗೆಯ ಹಿಂಭಾಗ ಕೆಂಪಾಗಿ ಉರಿಯತೊಡಗಿತು. ಆ ಊರಿಗೆ ಹೊರಡುವವರು ಈ ಬೆಳಗನ್ನೂ ಈ ಮಧ್ಯಾಹ್ನವನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ಪೆಟ್ಟಿಗೆ ತುಂಬಬೇಕು.

ಇದಕ್ಕೆ ಕಾರಣ ಊರಿನ ಎತ್ತರ. ನೈರೋಬಿಯು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಕೇವಲ 140 ಕಿ.ಮೀ.ಗಳಷ್ಟು ದೂರದಲ್ಲಿದ್ದರೂ ಸಮುದ್ರಮಟ್ಟದಿಂದ ಸುಮಾರು 1,795 ಮೀಟರ್ ಎತ್ತರದಲ್ಲಿದೆ. ಬೆಂಗಳೂರಿನ ಎತ್ತರ ಸುಮಾರು 920 ಮೀಟರ್, ನಂದಿಬೆಟ್ಟದ ನೆತ್ತಿಯದು 1,478 ಮೀಟರ್, ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯದು ಸುಮಾರು 1,930 ಮೀಟರ್. ನಂದಿಬೆಟ್ಟಕ್ಕಿಂತ ಎತ್ತರದಲ್ಲಿ, ಮುಳ್ಳಯ್ಯನಗಿರಿಗಿಂತ ತುಸುವೇ ತಗ್ಗಿನಲ್ಲಿ, ಲಕ್ಷಾಂತರ ಜನ ಬದುಕುವ ಒಂದು ಮಹಾನಗರವಿದೆ ಎಂದುಕೊಂಡರೆ ಅಲ್ಲಿನ ಹವೆಯ ಅಂದಾಜು ಸಿಗುತ್ತದೆ. ನೈರೋಬಿ ಎಂಬ ಹೆಸರು ಬಂದದ್ದೇ ತಣ್ಣೀರು ಎಂಬ ಅರ್ಥದ ಮಸಾಯಿ ನುಡಿಯಿಂದ. ಅಲ್ಲಿ ಗಾಳಿ ತಂಪು, ಬಿಸಿಲು ಮಾತ್ರ ಚುರುಕು. ನೆತ್ತಿಯ ಮೇಲಿನ ಸೂರ್ಯ ಸುಡುತ್ತಾನೆ, ಆದರೆ ಒಂದು ಮೋಡ ಅಡ್ಡ ಬಂದರೆ ಅಥವಾ ಎರಡು ಹೆಜ್ಜೆ ಸರಿದು ಮರದ ನೆರಳಿಗೆ ನಿಂತರೆ ಮೈ ತಣ್ಣಗಾಗುತ್ತದೆ.

ಹೋಗುವ ತಿಂಗಳನ್ನು ನೋಡಿಕೊಂಡು ಪಟ್ಟಿಯನ್ನು ತಿದ್ದಿಕೊಳ್ಳಬೇಕು, ಏಕೆಂದರೆ ಅಲ್ಲಿನ ಋತುಗಳು ನಮ್ಮ ಲೆಕ್ಕಕ್ಕೆ ತಿರುವುಮುರುವು. ಜನವರಿ, ಫೆಬ್ರವರಿ ತಿಂಗಳುಗಳು ಒಣಗಾಲ; ಹಗಲಿನ ಉಷ್ಣತೆ 27 ಡಿಗ್ರಿಯ ಆಸುಪಾಸಿಗೆ ಏರುತ್ತದೆ, ರಾತ್ರಿ ಹಿತವಾಗಿರುತ್ತದೆ. ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ ದೊಡ್ಡ ಮಳೆ. ನಮ್ಮ ಮಕ್ಕಳ ಬೇಸಿಗೆ ರಜೆಯೆಂದು ಏಪ್ರಿಲ್‌ನಲ್ಲಿ ಹೊರಡುವ ಕುಟುಂಬಗಳು ನೇರವಾಗಿ ಈ ಮಳೆಗೆ ಸಿಕ್ಕಿಕೊಳ್ಳುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿನವರ ಚಳಿಗಾಲ: ಬೆಳಗೆಲ್ಲ ಮೋಡ ಮುಸುಕಿರುತ್ತದೆ, ಹಗಲಿನಲ್ಲೂ 22 ಡಿಗ್ರಿ ದಾಟುವುದು ಕಷ್ಟ, ಮುಂಜಾನೆ 12ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆಯ ಕಾಲ. ಆ ಮಳೆಗೆ ಸ್ವಲ್ಪ ಮುಂಚೆ ಜಕರಾಂಡ ಮರಗಳು ಬೀದಿಯುದ್ದಕ್ಕೂ ನೇರಳೆ ಹೂ ಬಿಡುತ್ತವೆ. ಬೆಂಗಳೂರಿನವರಿಗೆ ಆ ನೋಟ ಮನೆಯ ನೆನಪು ತರುತ್ತದೆ.

ಬಟ್ಟೆಯ ವಿಷಯದಲ್ಲಿ ನನ್ನ ಖಚಿತವಾದ ಅಭಿಪ್ರಾಯವೆಂದರೆ, ದಪ್ಪನೆಯ ಒಂದು ಉಡುಪಿಗಿಂತ ತೆಳ್ಳನೆಯ ಮೂರು ಉಡುಪುಗಳು ಮೇಲು. ಉತ್ತರ ಭಾರತದ ಪ್ರವಾಸಕ್ಕೆಂದು ಕೊಂಡ ಭಾರಿ ಉಣ್ಣೆಯ ಸ್ವೆಟರ್ ಅರ್ಧ ಪೆಟ್ಟಿಗೆಯನ್ನು ನುಂಗುತ್ತದೆ. ಅದನ್ನು ಧರಿಸುವುದು ಮುಂಜಾನೆಯ ಒಂದೆರಡು ತಾಸು, ಉಳಿದ ಹೊತ್ತು ಅದನ್ನು ಕೈಯಲ್ಲಿ ಹೊತ್ತು ತಿರುಗಬೇಕು. ಬದಲಿಗೆ ಒಳಗೆ ಹತ್ತಿಯ ಅಂಗಿ, ಅದರ ಮೇಲೆ ತೆಳುವಾದ ಸ್ವೆಟರ್, ಎಲ್ಲಕ್ಕಿಂತ ಹೊರಗೆ ಗಾಳಿ ಮಳೆ ಎರಡನ್ನೂ ತಡೆಯುವ ತೆಳು ಜರ್ಕಿನ್ ಇದ್ದರೆ, ಹೊತ್ತು ಏರಿದಂತೆ ಒಂದೊಂದನ್ನೇ ಕಳಚಿ ಚೀಲದೊಳಗೆ ಹಾಕಬಹುದು. ಸಂಜೆ ಆರೂವರೆಗೆ ಕತ್ತಲಾಗುತ್ತಿದ್ದಂತೆ ಮತ್ತೆ ಒಂದೊಂದನ್ನೇ ಏರಿಸಿಕೊಳ್ಳಬಹುದು. ಹತ್ತು ದಿನದ ಪ್ರವಾಸಕ್ಕೆ ನಾಲ್ಕೈದು ಅರ್ಧತೋಳಿನ ಅಂಗಿ, ಎರಡು ತುಂಬುತೋಳಿನ ಅಂಗಿ, ಮೂರು ಪ್ಯಾಂಟು ಅಥವಾ ಸಲ್ವಾರ್, ಒಂದು ಸ್ವೆಟರ್, ಒಂದು ಜರ್ಕಿನ್ ಧಾರಾಳವಾಗಿ ಸಾಕು. ಜೀನ್ಸ್ ಒಂದಕ್ಕಿಂತ ಹೆಚ್ಚು ಬೇಡ. ಜುಲೈನ ಮೋಡದಲ್ಲಿ ಒಗೆದ ಜೀನ್ಸ್ ಎರಡು ದಿನವಾದರೂ ಸೊಂಟದ ಪಟ್ಟಿಯಲ್ಲಿ ಒದ್ದೆಯಾಗಿಯೇ ಇರುತ್ತದೆ. ಸೀರೆ ಉಡುವವರಿಗೆ ಹತ್ತಿ ಸೀರೆಯ ಜೊತೆಗೆ ಒಂದು ಒಳ್ಳೆಯ ಶಾಲು ಬೇಕೇ ಬೇಕು. ನನ್ನ ಮಟ್ಟಿಗೆ ಶಾಲಿನಷ್ಟು ಉಪಯುಕ್ತವಾದ ವಸ್ತು ಇನ್ನೊಂದಿಲ್ಲ: ವಿಮಾನದಲ್ಲಿ ಹೊದಿಕೆಯಾಗಿ, ಮುಂಜಾನೆ ಕಿವಿಯ ಸುತ್ತ, ಮಧ್ಯಾಹ್ನ ಕುತ್ತಿಗೆಗೆ ನೆರಳಾಗಿ, ರಾತ್ರಿ ಹೆಗಲ ಮೇಲೆ ಅದು ದಿನವಿಡೀ ದುಡಿಯುತ್ತದೆ. ಹಿರಿಯರು ಜೊತೆಗಿದ್ದರೆ ಅವರ ಮಂಕಿ ಕ್ಯಾಪನ್ನು ಮನೆಯಲ್ಲಿ ಬಿಡಿಸಬೇಡಿ. ಅಲ್ಲಿನ ಹೆಚ್ಚಿನ ಮನೆಗಳಲ್ಲಿ ಕೋಣೆಯನ್ನು ಬೆಚ್ಚಗಿಡುವ ವ್ಯವಸ್ಥೆ ಇರುವುದಿಲ್ಲ.

ಸೈನಿಕರ ಸಮವಸ್ತ್ರದಂತೆ ಕಾಣುವ, ಹಸಿರು ಕಂದು ಮಚ್ಚೆಗಳ ಬಟ್ಟೆಯನ್ನು ಮಾತ್ರ ಒಯ್ಯಬೇಡಿ. ಅಂತಹ ಉಡುಪನ್ನು ಸಾರ್ವಜನಿಕರು ತೊಡುವುದಕ್ಕೆ ಕೆನ್ಯಾದಲ್ಲಿ ಕಾನೂನಿನ ನಿಷೇಧವಿದೆ. ಕಾಡಿಗೆ ಹೋಗುವ ಪ್ಯಾಂಟೆಂದು ಮಕ್ಕಳಿಗೆ ಇಲ್ಲಿ ಅಂಥದ್ದನ್ನೇ ಕೊಡಿಸುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮಸಾಯಿ ಮಾರಾದಂತಹ ಕಾಡುಗಳಿಗೆ ಹೋಗುವುದಿದ್ದರೆ ಗಾಢ ನೀಲಿ ಮತ್ತು ಕಪ್ಪು ಬಟ್ಟೆಯನ್ನೂ ತಪ್ಪಿಸಬೇಕು; ಕಚ್ಚುವ ತ್ಸೆತ್ಸೆ ನೊಣಗಳನ್ನು ಈ ಬಣ್ಣಗಳು ಸೆಳೆಯುತ್ತವೆ. ಒಣಹುಲ್ಲಿನ ಬಣ್ಣ, ತಿಳಿ ಕಂದು, ಮಾಸಲು ಹಸಿರು ಒಳ್ಳೆಯದು.

ಬಿಸಿಲನ್ನು ಹಗುರವಾಗಿ ಕಾಣಬಾರದು. ಪ್ರತಿ ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣಗಳ ತೀವ್ರತೆ ಶೇಕಡ 10ರಷ್ಟಾದರೂ ಹೆಚ್ಚುತ್ತದೆ, ಅದರ ಮೇಲೆ ಭೂಮಧ್ಯರೇಖೆಯ ನೆತ್ತಿಯ ಸೂರ್ಯ. ಗಾಳಿ ತಂಪಾಗಿರುವುದರಿಂದ ಚರ್ಮ ಸುಡುತ್ತಿರುವುದು ಆ ಹೊತ್ತಿಗೆ ತಿಳಿಯುವುದಿಲ್ಲ, ಸಂಜೆ ಮೈಗೆ ನೀರು ಬಿದ್ದಾಗಲೇ ಗೊತ್ತಾಗುವುದು. ನಮ್ಮ ಬಣ್ಣಕ್ಕೆ ಸನ್‌ಸ್ಕ್ರೀನ್ ಬೇಡ ಎಂಬ ಮಾತನ್ನು ಬಿಟ್ಟು, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದನ್ನು ಇಲ್ಲಿಂದಲೇ ಒಯ್ಯಿರಿ. ಕುತ್ತಿಗೆಯ ಹಿಂಭಾಗಕ್ಕೂ ನೆರಳು ಕೊಡುವ ಅಗಲ ಅಂಚಿನ ಟೋಪಿ, ತಂಪು ಕನ್ನಡಕ, ತುಟಿಗೆ ಹಚ್ಚುವ ಮುಲಾಮು ಕೈಚೀಲದಲ್ಲಿರಲಿ. ಒಣ ತಿಂಗಳುಗಳಲ್ಲಿ ತುಟಿ ಬೇಗ ಒಡೆಯುತ್ತದೆ. ಅಂಚುಟೋಪಿಗೆ ಗಲ್ಲದ ಕೆಳಗೆ ಕಟ್ಟುವ ದಾರವಿದ್ದರೆ ಓಡುವ ವ್ಯಾನಿನಲ್ಲಿ ಅದು ಹಾರಿಹೋಗುವುದಿಲ್ಲ.

ಪಾದರಕ್ಷೆಗೆ ಬಂದರೆ, ನೈರೋಬಿಯ ನೆಲದ ಬಗ್ಗೆ ಒಂದು ಮಾತು ಹೇಳಲೇಬೇಕು. ನಗರದ ಪಶ್ಚಿಮ ಭಾಗದಲ್ಲಿ ಕೆಂಪು ಮಣ್ಣು, ಪೂರ್ವದಲ್ಲೂ ದಕ್ಷಿಣದ ಬಯಲಿನಲ್ಲೂ ಕಪ್ಪು ಎರೆಮಣ್ಣು. ಧಾರವಾಡ, ವಿಜಯಪುರದ ಕಡೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ಮಳೆ ಬಿದ್ದ ಮೇಲೆ ಆ ಎರೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಬೂಟಿನ ಅಡಿಗೆ ಇನ್ನೊಂದು ಬೂಟು ಬೆಳೆಯುತ್ತದೆ. ಬಿಳಿ ಕ್ಯಾನ್ವಾಸ್ ಶೂ ಮೊದಲ ವಾರದಲ್ಲೇ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಹಳೆಯದಾದರೂ ಕಾಲಿಗೆ ಹೊಂದಿಕೊಂಡ, ಜಾರದ ಅಟ್ಟೆಯ ಗಾಢ ಬಣ್ಣದ ಒಂದು ಜೊತೆ ಶೂ, ಮನೆಯೊಳಗೆ ಹವಾಯಿ ಚಪ್ಪಲಿ, ಮಳೆಗಾಲದಲ್ಲಿ ಎರಡು ಜೊತೆ ಹೆಚ್ಚಿನ ಕಾಲುಚೀಲ ಇಟ್ಟುಕೊಳ್ಳಿ. ಅಲ್ಲಿನ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಅಥವಾ ರಾತ್ರಿ ಜೋರಾಗಿ ಸುರಿದು ನಿಲ್ಲುವುದರಿಂದ ಮಡಚುವ ಸಣ್ಣ ಕೊಡೆಯೊಂದು ಬೇಕು.

ಇನ್ನು, ನಮ್ಮವರು ಎಡವುವ ಜಾಗ. 2017ರ ಆಗಸ್ಟ್ 28ರಿಂದ ಕೆನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. ಶಿಕ್ಷೆಯಲ್ಲಿ ಭಾರಿ ದಂಡವೂ ಜೈಲುವಾಸವೂ ಸೇರಿವೆ. 2020ರ ಜೂನ್ 5ರಿಂದ ರಾಷ್ಟ್ರೀಯ ಉದ್ಯಾನಗಳೊಳಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿ, ತಟ್ಟೆ, ಸ್ಟ್ರಾಗಳನ್ನೂ ನಿಷೇಧಿಸಲಾಗಿದೆ. ನಮ್ಮ ಮನೆಗಳಲ್ಲಿ ಪೆಟ್ಟಿಗೆ ತುಂಬುವುದೆಂದರೆ ಚಪ್ಪಲಿಗೊಂದು ಕವರ್, ಒಗೆಯುವ ಬಟ್ಟೆಗೊಂದು ಕವರ್, ಚಟ್ನಿಪುಡಿಯ ಡಬ್ಬಿಗೆ ಎರಡು ಕವರ್. ಈ ರೂಢಿಯನ್ನು ಹೊರಡುವ ಮುನ್ನವೇ ಬಿಡಬೇಕು. ಬಟ್ಟೆಯಂಗಡಿಯಲ್ಲಿ ಕೊಟ್ಟ ಹತ್ತಿಯ ಚೀಲಗಳು, ಹಳೆಯ ದಿಂಬಿನ ಚೀಲ, ಸ್ಟೀಲ್ ಡಬ್ಬಿ, ಸ್ಟೀಲಿನ ನೀರಿನ ಬಾಟಲಿ ಈ ಕೆಲಸವನ್ನೆಲ್ಲ ಇನ್ನೂ ಚೆನ್ನಾಗಿ ಮಾಡುತ್ತವೆ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೊಂಡ ವಸ್ತುವಿನ ಪ್ಲಾಸ್ಟಿಕ್ ಚೀಲವನ್ನೂ ಇಳಿಯುವ ಮೊದಲೇ ಖಾಲಿ ಮಾಡಿಕೊಳ್ಳಿ.

ಡಬ್ಬಿ, ಬಾಟಲಿ ಮುಚ್ಚುವಾಗ ಎತ್ತರದ ಇನ್ನೊಂದು ಪರಿಣಾಮವನ್ನು ನೆನಪಿಡಬೇಕು. ಬೆಂಗಳೂರಿಗಿಂತ ನೈರೋಬಿಯಲ್ಲಿ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ಇಲ್ಲಿ ಬಿಗಿಯಾಗಿ ಮುಚ್ಚಿದ ಶಾಂಪೂ ಬಾಟಲಿಯೊಳಗಿನ ಗಾಳಿ ಅಲ್ಲಿ ಹಿಗ್ಗಿ, ಮುಚ್ಚಳದ ಸಂದಿಯಿಂದ ಶಾಂಪೂವನ್ನು ಹೊರದೂಡುತ್ತದೆ. ಬಾಟಲಿಯನ್ನು ಅದುಮಿ ಒಳಗಿನ ಗಾಳಿಯನ್ನು ಹೊರಹಾಕಿ, ಅದುಮಿದ ಹಾಗೆಯೇ ಮುಚ್ಚಳ ತಿರುಗಿಸಿ. ಬಾಟಲಿಯ ಹೊಟ್ಟೆ ಒಳಕ್ಕೆ ಕುಗ್ಗಿ ನಿಲ್ಲಬೇಕು. ಎಣ್ಣೆ ಮೇಲೆ ನಿಂತ ಉಪ್ಪಿನಕಾಯಿಗೂ ಇದೇ ತೊಂದರೆ ಇದೆ. ನನ್ನನ್ನು ಕೇಳಿದರೆ ಅದನ್ನು ಬಿಟ್ಟು ಚಟ್ನಿಪುಡಿಯನ್ನಷ್ಟೇ ಒಯ್ಯುವುದು ವಾಸಿ.

ಊಟದ ಸಾಮಾನನ್ನು ಹೊತ್ತೊಯ್ಯುವ ಅಗತ್ಯ ಬಹಳ ಕಡಿಮೆ. ಕರಾವಳಿಯ ಮೊಂಬಾಸಾದಿಂದ ಹೊರಟ ರೈಲು ಹಳಿ 1899ರಲ್ಲಿ ನೈರೋಬಿಗೆ ತಲುಪಿದಾಗ, ಆ ಹಳಿ ಹಾಕಿದವರಲ್ಲಿ ಭಾರತದಿಂದ ಹೋದ ಸಾವಿರಾರು ಕೂಲಿಗಳಿದ್ದರು. ಅಲ್ಲಿಂದಾಚೆ ಭಾರತೀಯ ಕುಟುಂಬಗಳು ಅಲ್ಲಿ ನೆಲೆ ನಿಂತಿವೆ, ಚಪಾತಿ ಆ ದೇಶದ ಎಲ್ಲರ ಊಟವಾಗಿದೆ. ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಮಸಾಲೆ ಎಲ್ಲವೂ ಸಿಗುತ್ತವೆ, ಸಸ್ಯಾಹಾರಿ ಹೋಟೆಲುಗಳೂ ಇವೆ. ಅಲ್ಲಿ ಸುಲಭವಾಗಿ ಸಿಗದ ನಮ್ಮ ಸಾರಿನ ಪುಡಿ, ವಾಂಗೀಭಾತ್ ಪುಡಿಗಳನ್ನು ಸ್ವಲ್ಪ ಇಟ್ಟುಕೊಂಡರೆ ಸಾಕು. ಹಸಿ ತರಕಾರಿ, ಹಣ್ಣು, ಬಿತ್ತನೆ ಬೀಜ ಬೇಡವೇ ಬೇಡ. ಮನೆ ಬಾಡಿಗೆಗೆ ಹಿಡಿದು ತಿಂಗಳುಗಟ್ಟಲೆ ಇರುವವರು ಮಾತ್ರ ಸಣ್ಣ ಪ್ರೆಷರ್ ಕುಕ್ಕರ್ ಒಯ್ಯಬೇಕು: ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯುವುದೇ ಇಲ್ಲವೇನೋ ಎನ್ನುವಷ್ಟು ಹೊತ್ತು ಹಿಡಿಯುತ್ತದೆ.

ವಿದ್ಯುತ್ತಿನ ವೋಲ್ಟೇಜ್ ನಮ್ಮದಕ್ಕೆ ಹತ್ತಿರವೇ ಇರುವುದರಿಂದ ಚಾರ್ಜರುಗಳಿಗೆ ತೊಂದರೆಯಿಲ್ಲ, ಆದರೆ ಗೋಡೆಯ ಸಾಕೆಟ್ ಇಂಗ್ಲೆಂಡಿನದರಂತೆ ಮೂರು ಚಪ್ಪಟೆ ಕಡ್ಡಿಗಳದು. ಅದಕ್ಕೆ ಹೊಂದುವ ಅಡಾಪ್ಟರ್ ಎರಡು ಇರಲಿ. ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರಬೇಕು. ಹಣವಾಗಿ ಡಾಲರ್ ಒಯ್ಯುವವರು ಹೊಸ, ಗೆರೆ ಬೀಳದ ನೋಟುಗಳನ್ನೇ ಕೇಳಿ ಪಡೆಯಿರಿ. ಮಾಸಿದ ನೋಟನ್ನು ಅಲ್ಲಿ ಹಲವರು ತೆಗೆದುಕೊಳ್ಳುವುದಿಲ್ಲ. ದಿನದ ವ್ಯವಹಾರವೆಲ್ಲ 2007ರಲ್ಲಿ ಆರಂಭವಾದ ಎಂ-ಪೆಸಾ ಎಂಬ ಮೊಬೈಲ್ ಹಣದಲ್ಲಿ ನಡೆಯುತ್ತದೆ, ಅದಕ್ಕೆ ಬೇಕಾದ ಸಿಮ್ ಕೊಳ್ಳಲು ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ.

ನೈರೋಬಿಯ ಎತ್ತರದಲ್ಲಿ ಮಲೇರಿಯಾದ ಭಯ ಕಡಿಮೆ. ಆದರೆ ಅಲ್ಲಿಂದ ರೈಲು ಹತ್ತಿ ಮೊಂಬಾಸಾಗೆ ಇಳಿದರೆ ಅದು ಕಡಲ ಮಟ್ಟದ ಊರು. ಮಂಗಳೂರಿನಂತಹ ಬೆವರು, ಸೊಳ್ಳೆ, ಮಲೇರಿಯಾ ಮೂರೂ ಇವೆ. ಕರಾವಳಿಗೋ ವಿಕ್ಟೋರಿಯಾ ಸರೋವರದ ಕಡೆಗೋ ಹೋಗುವ ಯೋಜನೆಯಿದ್ದರೆ ತಡೆಮಾತ್ರೆಯ ಬಗ್ಗೆ ಮೊದಲೇ ವೈದ್ಯರನ್ನು ಕೇಳಿ. ಸೊಳ್ಳೆ ಮುಲಾಮು, ತೀರಾ ತೆಳುವಾದ ಎರಡು ಜೊತೆ ಬಟ್ಟೆ ಬೇರೆಯಾಗಿ ಇಡಿ. ನಿತ್ಯದ ಔಷಧಿಗಳನ್ನು ಅವುಗಳ ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯ ಸಮೇತ, ಕೈಚೀಲದಲ್ಲಿ ಇಟ್ಟುಕೊಳ್ಳಬೇಕು.

ಎಲ್ಲಕ್ಕಿಂತ ಮೊದಲು ಸಿದ್ಧವಾಗಬೇಕಾದದ್ದು ಕಾಗದಪತ್ರ. 2024ರ ಜನವರಿಯಿಂದ ಕೆನ್ಯಾ ವೀಸಾದ ಬದಲು ಇಟಿಎ ಎಂಬ ಮುಂಗಡ ಅನುಮತಿಯನ್ನು ಆನ್‌ಲೈನ್‌ನಲ್ಲಿ ನೀಡುತ್ತಿದೆ. ಅದರ ಮುದ್ರಿತ ಪ್ರತಿ ಜೊತೆಗಿರಲಿ. ಹಳದಿ ಜ್ವರದ ಲಸಿಕೆಯನ್ನು ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಮಾತ್ರ ಹಾಕಿಸಿಕೊಳ್ಳಬೇಕು. ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಆ ಪ್ರಮಾಣಪತ್ರಕ್ಕೆ ಮಾನ್ಯತೆ ಬರುತ್ತದೆ, ಬಂದ ಮೇಲೆ ಜೀವಮಾನವಿಡೀ ಉಳಿಯುತ್ತದೆ. ಮೊಟ್ಟೆಯ ಅಲರ್ಜಿ ಇರುವವರು, ಗರ್ಭಿಣಿಯರು, ವಯಸ್ಸಾದವರು ಮೊದಲು ವೈದ್ಯರೊಂದಿಗೆ ಮಾತನಾಡಬೇಕು. ಈ ಹಳದಿ ಪುಸ್ತಿಕೆಯ ಮುಖ್ಯ ಉಪಯೋಗ ಹೋಗುವಾಗಲ್ಲ, ಮರಳುವಾಗ: ಕೆನ್ಯಾದಿಂದ ಬರುವವರಿಂದ ಭಾರತದ ಆರೋಗ್ಯ ಅಧಿಕಾರಿಗಳು ಅದನ್ನು ಕೇಳುತ್ತಾರೆ, ಇಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪರಿಶೀಲನೆಯ ಆ ಮೇಜು ಸಿಗುವುದು ಸಾಮಾನು ಕೈಗೆ ಬರುವುದಕ್ಕಿಂತ ಮುಂಚೆ. ಹಿಂದಿರುಗುವ ದಿನ ಶುಕಾ, ಕಾಫಿಪುಡಿ, ಚಹಾ ಎಂದು ಪೆಟ್ಟಿಗೆಯನ್ನು ಹೊಸದಾಗಿ ಜೋಡಿಸುವ ಗಡಿಬಿಡಿಯಲ್ಲಿ ಪುಸ್ತಿಕೆ ಬಟ್ಟೆಗಳ ನಡುವೆ ಸೇರಿಹೋಗದಂತೆ, ಅದನ್ನು ಪಾಸ್‌ಪೋರ್ಟಿನ ಹೊದಿಕೆಯೊಳಗೇ ಸಿಕ್ಕಿಸಿಡಿ.