ಸದ್ದು ಬಾರದ ಗಿಟಾರ್‌ಗಳೇ ನನಗೆ ಬೇಕು

ನಮ್ಮ ಮನೆಯಲ್ಲಿ ಐದು ಗಿಟಾರ್ ಇವೆ. ಒಂದನ್ನೂ ಅಂಗಡಿಯಿಂದ ಹೊಸದಾಗಿ ತಂದಿಲ್ಲ. ಅದರಲ್ಲಿ ಮೂರು ಬಂದದ್ದೇ ‘ಕೆಟ್ಟುಹೋಗಿದೆ ಸರ್’ ಅನ್ನೋ ಮಾತಿನ ಜೊತೆ. ಆ ಮಾತು ಕೇಳಿದರೆ ಬೇರೆಯವರು ಫೋನ್ ಇಡುತ್ತಾರೆ. ನಾನು ವಿಳಾಸ ಕೇಳುತ್ತೇನೆ.

ಬೆಂಗಳೂರಿನಲ್ಲಿ ಹಳೆಯ ಗಿಟಾರ್ ಕೊಳ್ಳುವುದಕ್ಕೊಂದು ಸೀಸನ್ ಇದೆ. ಇಂಜಿನಿಯರಿಂಗ್ ಕೊನೆಯ ಪರೀಕ್ಷೆ ಮುಗಿಸಿದ ಹುಡುಗರು ಪಿಜಿ ಖಾಲಿ ಮಾಡುವ ಹೊತ್ತು. ಮೊದಲ ವರ್ಷ ಹುರುಪಿನಲ್ಲಿ ಕೊಂಡ ಗಿಟಾರ್, ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತುವ ಕಷ್ಟದ ಹಿಡಿತ) ಹಿಡಿಯಲು ಬೆರಳು ಬಗ್ಗದೆ ಮಂಚದ ಕೆಳಗೆ ಸೇರಿರುತ್ತದೆ. ಬಸ್ಸಿನಲ್ಲಿ ಊರಿಗೆ ಒಯ್ಯುವುದು ತಲೆನೋವು. ‘ನಾಳೆ ರೂಮ್ ಬಿಡ್ಬೇಕು’ ಅಂದರೆ ಚೌಕಾಸಿಯೇ ಬೇಡ, ಬೆಲೆ ತಾನಾಗಿ ಇಳಿದಿರುತ್ತದೆ. ಆನ್‌ಲೈನ್ ಜಾಹೀರಾತುಗಳಲ್ಲಿ ಹುಡುಕುವಾಗ ನಾನು ಕಂಪನಿ ಹೆಸರು ಹಾಕುವುದು ಕಡಿಮೆ. ‘ಕಪ್ಪು ಗಿಟಾರ್’, ‘ಬ್ಯಾಗ್ ಸಮೇತ ಗಿಟಾರ್’, ಇಲ್ಲವೇ ಯಮಾಹಾ ಸ್ಪೆಲಿಂಗ್ ತಪ್ಪಾಗಿ ಬರೆದು ನೋಡುತ್ತೇನೆ. ಹೆಸರು ಸರಿಯಾಗಿ ಬರೆದವನಿಗೆ ಬೆಲೆಯೂ ಸರಿಯಾಗಿ ಗೊತ್ತಿರುತ್ತದೆ, ಅಲ್ವಾ?

ಹಾಗೆ ಸಿಕ್ಕಿದ್ದು ಯಮಾಹಾ ಪೆಸಿಫಿಕಾ 012 ಅನ್ನೋ ಎಲೆಕ್ಟ್ರಿಕ್ ಗಿಟಾರ್. ಇಂಡೋನೇಷ್ಯಾದಲ್ಲಿ ತಯಾರಾದದ್ದು. ತಂತಿಯ ಕಂಪನ ಹಿಡಿಯುವ ಪಿಕಪ್‌ಗಳು ಮೂರು: ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಪಟ್ಟಿ) ಕಡೆ ದಪ್ಪ ಸದ್ದಿನ ಒಂದು ಹಂಬಕರ್, ಮೇಲೆ ತೆಳು ಸದ್ದಿನ ಎರಡು ಸಿಂಗಲ್ ಕಾಯಿಲ್. ಒಂದೇ ಗಿಟಾರಿನಲ್ಲಿ ದಪ್ಪ ಸದ್ದೂ ಬರುತ್ತದೆ, ಗಂಟೆಯಂಥ ತೆಳು ಸದ್ದೂ ಬರುತ್ತದೆ. ಹೊಸಬರ ಗಿಟಾರ್ ಅಂತ ಎಲ್ಲರೂ ಮೂಗು ಮುರಿಯುತ್ತಾರೆ. ನನ್ನ ಪ್ರಕಾರ ಆ ಬೆಲೆಗೆ ಅದರಷ್ಟು ನೆಟ್ಟಗಿನ ನೆಕ್ (ಎಡಗೈ ಬೆರಳು ಓಡುವ ಉದ್ದ ಭಾಗ) ಸಿಗುವುದು ಕಷ್ಟ. ‘ಸೌಂಡೇ ಬರ್ತಿಲ್ಲ ಅಂಕಲ್, ಒಳಗೆ ಏನೋ ಸುಟ್ಟಿರಬೇಕು’ ಅಂದ ಹುಡುಗ. (ಅಂಕಲ್ ಅನ್ನಿಸಿಕೊಳ್ಳುವ ವಯಸ್ಸು ಯಾವಾಗ ಬಂತೋ!) ನಾನು ಜೊತೆಗೆ ಒಯ್ದಿದ್ದ ಪುಟ್ಟ ಬ್ಯಾಟರಿ ಆಂಪ್‌ಗೆ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಚುಚ್ಚಿ, ಕೇಬಲ್ಲನ್ನು ಅದು ಗಿಟಾರಿಗೆ ಸೇರುವ ಜ್ಯಾಕಿನ ಹತ್ತಿರ ಸ್ವಲ್ಪ ಅಲ್ಲಾಡಿಸಿದೆ. ಕರಕರ ಅಂದು ಒಂದು ಕ್ಷಣ ತಂತಿಯ ದನಿ ಬಂದು ಹೋಯಿತು. ಅಷ್ಟು ಸಾಕಿತ್ತು. 4,500 ಕೊಟ್ಟು ತಂದೆ. ಮನೆಯಲ್ಲಿ ಜ್ಯಾಕ್ ಹೊರಗೆಳೆದು ನೋಡಿದರೆ, ನಟ್ ಸಡಿಲವಾಗಿ ಜ್ಯಾಕ್ ಸುತ್ತಿ ಸುತ್ತಿ, ಒಂದು ವೈರು ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಿಂದ ತಂದ ಹೊಸ ಜ್ಯಾಕ್, ಎರಡು ಚುಕ್ಕಿ ಸೋಲ್ಡರ್. ಖರ್ಚು ನೂರು ರೂಪಾಯಿ ದಾಟಲಿಲ್ಲ.

ಪೆಡಲ್, ಅಂದರೆ ಕಾಲಲ್ಲಿ ತುಳಿದು ಗಿಟಾರಿನ ಸದ್ದು ಬದಲಿಸುವ ಪುಟ್ಟ ಪೆಟ್ಟಿಗೆ, ಅದರ ಕಥೆ ಇನ್ನೂ ಚೆನ್ನಾಗಿದೆ. ಬಾಸ್ ಕಂಪನಿಯ ಡಿಎಸ್-1, ಸದ್ದನ್ನು ಒರಟಾಗಿಸುವ ಆ ಕಿತ್ತಳೆ ಬಣ್ಣದ ಡಿಸ್ಟಾರ್ಷನ್. 1978ರಿಂದ ಬರುತ್ತಿದೆ. ಮಾರುತ್ತಿದ್ದವರು ನನ್ನೆದುರೇ ಹೊಸ 9 ವೋಲ್ಟ್ ಬ್ಯಾಟರಿ ಹಾಕಿ ತುಳಿದು ತೋರಿಸಿದರು. ‘ನೋಡಿ, ಲೈಟೇ ಬರಲ್ಲ. ಬಿಡಿಭಾಗಕ್ಕೆ ತಗೊಳ್ಳಿ.’ ಈ ಪೆಡಲ್‌ಗಳಿಗೆ ಬೇರೆ ಪವರ್ ಸ್ವಿಚ್ ಇಲ್ಲ. ಇನ್‌ಪುಟ್ ಜ್ಯಾಕಿಗೆ ಕೇಬಲ್ ಚುಚ್ಚಿದರೇ ಬ್ಯಾಟರಿ ಲೈನು ಕೂಡುವುದು. ಅವರು ಕೇಬಲ್ಲೇ ಹಾಕಿರಲಿಲ್ಲ. ಹಣ ಎಣಿಸುವ ಮುಂಚೆ ಇದನ್ನು ಹೇಳಬೇಕೋ ಬೇಡವೋ ಅಂತ ನಿಜವಾಗಿಯೂ ಒದ್ದಾಡಿದೆ. ಕೊನೆಗೆ ಹೇಳಿದೆ. ಕೇಬಲ್ ಚುಚ್ಚಿ ತುಳಿದಾಗ ಕೆಂಪು ದೀಪ ಹೊತ್ತಿತು. ಅವರು ನಕ್ಕು, ಹೇಳಿದ ಬೆಲೆಗಿಂತ ಇನ್ನೂರು ಜಾಸ್ತಿ ಕೇಳಿದರು. ಕೊಟ್ಟೆ. ಇನ್ನೊಂದು ವಿಷಯ: ಇಂಥ ಪೆಡಲ್‌ಗಳಿಗೆ ನಡುವಿನ ಪಿನ್ ನೆಗೆಟಿವ್ ಇರುವ ಅಡಾಪ್ಟರ್ ಬೇಕು. ಮನೆಯಲ್ಲಿ ಬಿದ್ದಿರುವ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಅದು ಪಾಸಿಟಿವ್. ‘ಸತ್ತ’ ಪೆಡಲ್‌ಗಳಲ್ಲಿ ಎಷ್ಟೋ ಇದರ ಪೈಕಿ.

ಎಲೆಕ್ಟ್ರಿಕ್ ದೋಷಕ್ಕೆ ನಾನು ಹೆದರುವುದಿಲ್ಲ. ವಾಲ್ಯೂಮ್ ತಿರುಗಿಸಿದಾಗ ಗರಗರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ತಿರುಗಿಸಿದರೆ ಬಹುಪಾಲು ಸರಿಹೋಗುತ್ತದೆ. ಮರದ ದೋಷ ಮಾತ್ರ ಬೇಡಪ್ಪ. ಈ ಬುದ್ಧಿ ಬಂದದ್ದು 2,800 ಕಳೆದುಕೊಂಡ ಮೇಲೆ. ಒಂದು ಅಕೂಸ್ಟಿಕ್ (ಕರೆಂಟ್ ಬೇಡದ ಗಿಟಾರ್), ಶೀಟ್ ಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ತಂತಿ ಬಿಗಿದೇ ಇಟ್ಟಿದ್ದು. ಗೇಟಿನ ಹತ್ತಿರ, ಸಂಜೆ ಮಬ್ಬಿನಲ್ಲಿ, ಆತುರಾತುರವಾಗಿ ಕೊಂಡೆ. ಮೂರನೇ ರಾತ್ರಿ ‘ಟಪ್’ ಅಂತ ಸದ್ದು. ಲೈಟ್ ಹಾಕಿ ನೋಡಿದರೆ ಬ್ರಿಡ್ಜ್ ಕಿತ್ತುಬಂದು ತಂತಿಗೆ ಜೋತುಬಿದ್ದಿತ್ತು.

ಈಗ ಹಗಲಿನಲ್ಲೇ ಹೋಗುತ್ತೇನೆ, ಜೇಬಿನಲ್ಲಿ ಒಂದು ತೆಳು ಕಾಗದ, ಒಂದು ವಿಸಿಟಿಂಗ್ ಕಾರ್ಡ್. ಕಾಗದ ಬ್ರಿಡ್ಜಿನ ಹಿಂದಂಚಿನಲ್ಲಿ ನುಸುಳಿದರೆ ಅಂಟು ಬಿಡುತ್ತಿದೆ ಅಂತ ಅರ್ಥ, ನಮಸ್ಕಾರ ಹೇಳಿ ಬರುವುದೇ. ಆಮೇಲೆ ದಪ್ಪ ತಂತಿಯನ್ನು ಒಂದನೇ ಫ್ರೆಟ್ಟಿನಲ್ಲಿ (ಫ್ರೆಟ್ ಅಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಮತ್ತು ನೆಕ್ ಬಾಡಿಗೆ ಸೇರುವ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ಏಳನೇ ಫ್ರೆಟ್ ಮೇಲಿನ ಸಂದು ನೋಡುತ್ತೇನೆ. ಕಾರ್ಡಿನಷ್ಟು ಸಂದಿದ್ದರೆ ಸರಿ. ಅದಕ್ಕಿಂತ ಜಾಸ್ತಿ ಬಾಗಿದ್ದರೂ ಟ್ರಸ್ ರಾಡ್ (ನೆಕ್ ಒಳಗಿನ, ಬಾಗು ಸರಿಪಡಿಸುವ ಸರಳು) ತಿರುಗಿಸಿ ನೋಡಬಹುದು. ಆದರೆ ತಲೆ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ನೆಕ್ ತಿರುಚಿದ ಹಾಗೆ ಕಂಡರೆ ಪುಕ್ಕಟೆ ಕೊಟ್ಟರೂ ಬೇಡ. ಫೆಂಡರ್‌ನವರ ಅಗ್ಗದ ಬ್ರ್ಯಾಂಡ್ ಸ್ಕ್ವಾಯರ್ ಆದರೆ ಸೀರಿಯಲ್ ನಂಬರ್ ಓದುತ್ತೇನೆ: ಐಸಿಎಸ್ ಅಂತ ಶುರುವಾದರೆ ಇಂಡೋನೇಷ್ಯಾದಲ್ಲಿರುವ ಕೋರ್ಟ್ (Cort) ಕಂಪನಿಯ ಕಾರ್ಖಾನೆಯದು, ಮುಂದಿನ ಎರಡು ಅಂಕಿ ಇಸವಿ. ‘ಹೋದ ವರ್ಷ ತಗೊಂಡಿದ್ದು’ ಅನ್ನುವವರ ಮುಂದೆ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಎಲ್ಲರೂ ನಗಾಡಿದ್ದು ನನ್ನ ಗಿವ್ಸನ್ ನೋಡಿ. ಅಮೆರಿಕದ ಹೆಸರಾಂತ ಗಿಬ್ಸನ್ ಅಲ್ಲ, ಕೋಲ್ಕತ್ತದ ಗಿವ್ಸನ್. ಸಾವಿರದ ಇನ್ನೂರಕ್ಕೆ ಸಿಕ್ಕಿತು. ತಂತಿ ಎಷ್ಟು ಎತ್ತರದಲ್ಲಿತ್ತೆಂದರೆ ಕಾರ್ಡ್ ಹಿಡಿದರೆ ಬೆರಳು ಕೊಯ್ಯುತ್ತಿತ್ತು. ಆದರೆ ಎತ್ತರದ ತಂತಿಯೇ ಬೇಕಾದ ಒಂದು ವಾದನ ಇದೆಯಲ್ಲ! ಹಿಂದೂಸ್ತಾನಿಯವರು ಗಿಟಾರನ್ನು ತೊಡೆ ಮೇಲೆ ಮಲಗಿಸಿ ಸ್ಟೀಲ್ ರಾಡ್ ಜಾರಿಸುತ್ತಾರೆ. ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯ (ಇದನ್ನೂ ನಟ್ ಅನ್ನುತ್ತಾರೆ) ಪಕ್ಕ, ತಂತಿಗಳ ಕೆಳಗೆ, ಅವು ಇನ್ನೂ ಎತ್ತರವಾಗಲಿ ಅಂತ ಹಳೆಯ ಅಲೆನ್ ಕೀ ತುಂಡು ತೂರಿಸಿದೆ. ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ ಅಂತ ಶ್ರುತಿ ಮಾಡಿದೆ. ಮಾಮೂಲಿ ಶ್ರುತಿಯಿಂದ ಇದಕ್ಕೆ ಬರಲು ಒಂದು ತಂತಿಯನ್ನೂ ಬಿಗಿ ಮಾಡಬೇಕಿಲ್ಲ, ನಾಲ್ಕನ್ನು ಸಡಿಲಿಸಿದರೆ ಮುಗಿಯಿತು. ಹಳೆಯ ಬ್ರಿಡ್ಜಿಗೂ ಹಿತ. ಬೆರಳು ಕೊಯ್ಯುತ್ತಿದ್ದ ಅದೇ ಗಿಟಾರ್ ಈಗ ಉದ್ದುದ್ದ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರು) ಎಳೆಯುತ್ತದೆ.

ಎಳೆಯುವವನ ಕೈ ಇನ್ನೂ ಪಳಗಿಲ್ಲ. ದಿನಾ ಸಂಜೆ ಏಳಕ್ಕೆ ನಾನು ಬಾಗೇಶ್ರೀ ರಾಗ ಶುರು ಮಾಡುತ್ತೇನೆ, ಮೇಲಿನ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ.